ಫ್ಲ್ಯಾಮಬಲ್, ಇನ್‌ಫ್ಲ್ಯಾಮಬಲ್: ಗೋಡೌನಿನಲ್ಲಿ ನಾನು ಹೇಳಿಕೊಡುವ ರೀತಿ

ಥಿನ್ನರ್, ಪೇಂಟ್ ಇಡುವ ಗೋಡೌನಿನಲ್ಲಿ ಸೇಫ್ಟಿ ನೋಡಿಕೊಳ್ಳುವುದು ನನ್ನ ಕೆಲಸ. ಹೊಸದಾಗಿ ಸೇರಿದವರಿಗೆ ಮೊದಲು ಲೇಬಲ್ ಓದುವುದನ್ನೇ ಕಲಿಸುತ್ತೇನೆ.

ಒಂದು ಡ್ರಮ್ಮಿನ ಮೇಲೆ ಫ್ಲ್ಯಾಮಬಲ್ ಅಂತ ಇರುತ್ತದೆ, ಇನ್ನೊಂದರ ಮೇಲೆ ಇನ್‌ಫ್ಲ್ಯಾಮಬಲ್. ಎರಡೂ ಒಂದಕ್ಕೊಂದು ವಿರುದ್ಧ ಅಂತ ಬಹಳ ಜನ ತಿಳಿಯುತ್ತಾರೆ. ಕರೆಕ್ಟ್, ಇನ್‌ಕರೆಕ್ಟ್ ಅಂತಲೇ ಅಲ್ವಾ ಶಾಲೆಯಲ್ಲಿ ಕಲಿಯುವುದು? ಆದರೆ ಎರಡನೆಯ ಡ್ರಮ್ಮಿಗೆ ಬೆಂಕಿಯ ಭಯವಿಲ್ಲ ಅಂದುಕೊಂಡು ಪಕ್ಕದಲ್ಲೇ ವೆಲ್ಡಿಂಗ್ ಶುರು ಮಾಡಿದರೆ ಜೀವ ಹೋಗಬಹುದು.

ಎರಡರ ಅರ್ಥವೂ ಒಂದೇ: ಬೇಗ ಬೆಂಕಿ ಹತ್ತುವಂಥದ್ದು. ಇಲ್ಲಿನ 'ಇನ್' ಇಲ್ಲ ಎನ್ನುವ ಅರ್ಥದ್ದಲ್ಲ. ಉರಿ ಹಚ್ಚು ಎನ್ನುವ ಲ್ಯಾಟಿನ್ ಕ್ರಿಯಾಪದದ ಜೊತೆಗೇ ಅದು ಬಂದಿದೆ. ವ್ಯಾಕರಣ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಗಾಯದ ಮಾತು ತೆಗೆಯುತ್ತೇನೆ. ಗಾಯ ಕೆಂಪಾಗಿ ಊದಿಕೊಂಡರೆ ಡಾಕ್ಟರು ಇನ್‌ಫ್ಲಮೇಶನ್ ಅನ್ನುತ್ತಾರೆ. ನಮ್ಮಲ್ಲಿ ಅದು ಉರಿಯೂತ. 'ಉರಿ' ಅದರಲ್ಲೇ ಇದೆ. ಇಷ್ಟು ಹೇಳಿದರೆ ಸಾಕು, ಮರೆಯುವುದಿಲ್ಲ.

ಇವೆರಡರಲ್ಲಿ ಇನ್‌ಫ್ಲ್ಯಾಮಬಲ್ ಹಳೆಯ ಪದ. ಜನ ಗೊಂದಲ ಮಾಡಿಕೊಳ್ಳಬಾರದು ಅಂತ 1920ರ ದಶಕದಲ್ಲಿ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ ಫ್ಲ್ಯಾಮಬಲ್ ಎನ್ನುವುದನ್ನೇ ಬಳಸಿ ಎಂದು ಒತ್ತಾಯಿಸಿತು. ರಾಸಾಯನಿಕಗಳ ಅಪಾಯವನ್ನು ಎಲ್ಲೆಡೆ ಒಂದೇ ರೀತಿ ಗುರುತಿಸಲು ವಿಶ್ವಸಂಸ್ಥೆ ಮಾಡಿದ ಜಿಎಚ್‌ಎಸ್ ಪದ್ಧತಿಯ ಲೇಬಲ್ಲುಗಳಲ್ಲೂ ಈಗ ಇದೇ ಪದ. ಬೆಂಕಿ ಹತ್ತದ್ದಕ್ಕೆ ನಾನ್‌ಫ್ಲ್ಯಾಮಬಲ್ ಎನ್ನಬೇಕು. ನಮ್ಮ ಟ್ಯಾಂಕರ್‌ಗಳ ಹಿಂದೆ ಮಾತ್ರ 'ಹೈಲಿ ಇನ್‌ಫ್ಲ್ಯಾಮಬಲ್' ಇವತ್ತಿಗೂ ಕಾಣುತ್ತದೆ. ಥಟ್ಟನೆ ಕೆರಳುವ ಸ್ವಭಾವದ ಬಗ್ಗೆ ಹೇಳುವಾಗ ಈ ಹಳೆಯ ಪದವೇ ಸರಿ ಹೊಂದುತ್ತದೆ. ಬರವಣಿಗೆಯಲ್ಲಿ ಅದು ಇರಲಿ, ಡ್ರಮ್ಮಿನ ಮೇಲೆ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕಂಪನಿಯಿಂದ ಯಾವ ಪದ ಬರೆದು ಬಂದರೂ ನಾನು ಅದರ ಮೇಲೆ ನಮ್ಮದೇ ಚೀಟಿ ಅಂಟಿಸುತ್ತೇನೆ: ಬೆಂಕಿಯ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ 'ಬೇಗ ಬೆಂಕಿ ಹತ್ತುತ್ತದೆ'. ದಹನಶೀಲ ಅಂತ ಬರೆಯಬಹುದು, ಆದರೆ ಅವಸರದಲ್ಲಿ ಓದುವವರಿಗೆ ಅದು ತಟ್ಟುವುದಿಲ್ಲ. ಹಿಂದಿ ಓದುವವರೂ ಇದ್ದಾರೆ, ಅವರಿಗೂ ಒಂದು ಸಾಲು.

ಚೀಟಿಯಲ್ಲಿ ಫ್ಲ್ಯಾಶ್ ಪಾಯಿಂಟನ್ನೂ ಬರೆಯುತ್ತೇನೆ. ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬರುವ ಅತಿ ಕಡಿಮೆ ಉಷ್ಣತೆ ಅದು. ಥಿನ್ನರಿನಲ್ಲಿ ಬಳಸುವ ಅಸಿಟೋನ್‌ಗೆ ಸುಮಾರು ಮೈನಸ್ 20 ಡಿಗ್ರಿ ಸೆಲ್ಸಿಯಸ್, ಟಾಲುಯಿನ್‌ಗೆ ಸುಮಾರು 4. ಬೆಂಗಳೂರಿನ ಡಿಸೆಂಬರ್ ಚಳಿಯೂ ಅದಕ್ಕಿಂತ ಬೆಚ್ಚಗೇ ಇರುತ್ತದೆ. ಹಾಗಾಗಿ ಚಳಿಗಾಲ ಅಂತ ಸಡಿಲ ಬಿಡುವ ಹಾಗಿಲ್ಲ. ಇದನ್ನು ನಾನು ಪ್ರತಿ ಬ್ಯಾಚಿಗೂ ಎರಡೆರಡು ಸಲ ಹೇಳುತ್ತೇನೆ.

ಕಂಬಸ್ಟಿಬಲ್ ಅಂತ ಇದ್ದರೆ ಮಾತ್ರ ಲೆಕ್ಕ ಬೇರೆ. ಜಿಎಚ್‌ಎಸ್ ಪ್ರಕಾರ ಅದು 60 ಡಿಗ್ರಿಗಿಂತ ಮೇಲೆ, 93 ಡಿಗ್ರಿಯವರೆಗೆ ಫ್ಲ್ಯಾಶ್ ಪಾಯಿಂಟ್ ಇರುವ ದ್ರವ. ಅಂಥ ಡ್ರಮ್ಮುಗಳಿಗೆ ನಾನು ಬೇರೆ ರ‍್ಯಾಕ್ ಇಟ್ಟಿದ್ದೇನೆ. ಫ್ಲ್ಯಾಮಬಲ್, ಇನ್‌ಫ್ಲ್ಯಾಮಬಲ್ ಎರಡೂ ಒಂದೇ ರ‍್ಯಾಕಿಗೆ ಹೋಗುತ್ತವೆ.