ಪೋಸ್ಟ್‌ಮಾರ್ಟಂ ಇಲ್ಲದೆ ಸಾವಿನ ಕಾರಣ ಹುಡುಕಿದ್ದು

ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಒಳಗಿನ ಊರುಗಳಲ್ಲಿ ವಯಸ್ಸಾದವರು ಮನೆಯಲ್ಲೇ ತೀರಿಕೊಂಡರೆ ಪೋಸ್ಟ್‌ಮಾರ್ಟಂ ಆಗುವುದು ಅಪರೂಪ. ಕಾಗದದಲ್ಲಿ ‘ಹೃದಯ ನಿಂತು ಸಾವು’ ಎಂದು ಗೀಚಿ ಮುಗಿಸುವವರೇ ಜಾಸ್ತಿ. ಸತ್ತ ಮೇಲೆ ಯಾರ ಹೃದಯವಾದರೂ ನಿಲ್ಲಲೇಬೇಕು, ಅಲ್ವಾ? ಯಾಕೆ ನಿಂತಿತು ಎಂದು ಮನೆಯವರನ್ನು ಕೇಳಿ ತಿಳಿಯುವ ಕೆಲಸ ನನ್ನದಾಗಿತ್ತು. ಇದಕ್ಕೆ ವರ್ಬಲ್ ಅಟಾಪ್ಸಿ ಎನ್ನುತ್ತಾರೆ.

ಬೊಜ್ಜ, ಅಂದರೆ ಸತ್ತವರ ಉತ್ತರಕ್ರಿಯೆ, ಮುಗಿದ ಮೇಲೆಯೇ ಹೋಗುತ್ತಿದ್ದೆ. ಯಜಮಾನರು ಚಾವಡಿಯಲ್ಲಿ ಕೂತು ಚೆನ್ನಾಗಿ ಮಾತಾಡುತ್ತಾರೆ. ಆದರೆ ವಿಷಯ ಗೊತ್ತಿರುವುದು ಗಂಜಿ ಕುಡಿಸಿದವರಿಗೆ. ಒಂದು ಮನೆಯಲ್ಲಿ ಎಲ್ಲರೂ ‘ಗ್ಯಾಸ್’ ಎಂದರು. ತೋಟದಿಂದ ಬಂದವರು ಜೀರಿಗೆ ಕಷಾಯ ಕುಡಿದು ಮಲಗಿದ್ದರಂತೆ. ಸೊಸೆ ಮಾತ್ರ ಮೆಲ್ಲಗೆ, “ಅಂಗಿ ಹಿಂಡಿದರೆ ನೀರು ಬರುವಷ್ಟು ಬೆವರಿದ್ರು ಡಾಕ್ಟ್ರೇ, ಎಡಗೈ ಸೆಳೀತದೆ ಅಂತಿದ್ರು” ಎಂದಳು. ಹಾರ್ಟ್ ಅಟ್ಯಾಕ್ ಎಂದು ಬರೆಯಲು ನನಗೆ ಅಷ್ಟು ಸಾಕಾಯಿತು.

‘ಎದೆನೋವು ಇತ್ತಾ?’ ಎಂದು ನಾವಾಗಿ ಕೇಳಿದರೆ ‘ಹೌದು’ ಎಂದೇ ಉತ್ತರ ಬರುತ್ತದೆ. ಮೊದಲು ಏನಾಯಿತು, ಆಮೇಲೆ ಏನಾಯಿತು ಎಂದಷ್ಟೇ ಕೇಳಬೇಕು. ಕಪಾಟಿನ ಪ್ಲಾಸ್ಟಿಕ್ ತೊಟ್ಟೆಯಲ್ಲಿರುವ ಮಾತ್ರೆ, ಡಿಸ್ಚಾರ್ಜ್ ಚೀಟಿ ನೋಡದೆ ಏಳಬಾರದು.

ಹಾವು ಕಚ್ಚಿದ್ದು, ನೀರಲ್ಲಿ ಮುಳುಗಿದ್ದು, ಸ್ತನ ಕ್ಯಾನ್ಸರ್ ಇವೆಲ್ಲ ಮಾತಿನಲ್ಲೇ ಗೊತ್ತಾಗುತ್ತವೆ. ದೇಶದಾದ್ಯಂತ ಸಾವಿನ ಕಾರಣ ಹುಡುಕಿದ ದೊಡ್ಡ ಅಧ್ಯಯನ ಮಿಲಿಯನ್ ಡೆತ್ ಸ್ಟಡಿಯೂ ಇದೇ ದಾರಿ ಹಿಡಿದದ್ದು. ಒಂದೇ ವರದಿಯನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ಹೇಳಬೇಕಿತ್ತು. 2005ರಲ್ಲಿ ಹಾವು ಕಚ್ಚಿ ಸುಮಾರು 46,000 ಜನ ಸತ್ತಿದ್ದರೆಂಬ ಅಂದಾಜು ಬಂದದ್ದು ಅದರಿಂದಲೇ. ಆಸ್ಪತ್ರೆ ಲೆಕ್ಕದಲ್ಲಿ ಅಷ್ಟು ಸಿಕ್ಕಿರಲೇ ಇಲ್ಲ.

ಮುದುಕರ ಜ್ವರ, ನಿದ್ದೆಯಲ್ಲೇ ಹೋದವರು, ಎದೆನೋವೇ ಬಾರದ ಸಕ್ಕರೆ ಕಾಯಿಲೆಯವರು: ಇಲ್ಲಿ ಈ ವಿಧಾನವನ್ನು ನಂಬುವುದು ಕಷ್ಟ. ಸುಮ್ನೆ ಊಹಿಸುವ ಬದಲು ‘ತಿಳಿಯದು’ ಎಂದು ಬರೆಯುವುದೇ ಸರಿ.

ಪೆರ್ಲ ಇರುವ ಎಣ್ಮಕಜೆ ಪಂಚಾಯತಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕದ ಮಾತು ಬಂದೇ ಬರುತ್ತದೆ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ವಿಷ ಸುರಿದದ್ದನ್ನು ಕಂಡ ಜನ ಅವರು. ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಳ್ಳುತ್ತಿದ್ದೆ. ಕಾರಣದ ಸಾಲಿನಲ್ಲಿ ಮಾತ್ರ ಕಾಯಿಲೆಯ ಹೆಸರು. ಆ ಕಾಯಿಲೆ ವಿಷದಿಂದಲೇ ಬಂತೋ ಎಂಬುದು ಒಂದು ಮನೆಯ ಮಾತುಕತೆಯಲ್ಲಿ ತೀರ್ಮಾನವಾಗುವುದಿಲ್ಲ.

ಅಡಿಕೆ ಮರದ ಬುಡದಲ್ಲಿ ಹೆಣ ಸಿಕ್ಕಿದರೆ ನನ್ನ ಪ್ರಶ್ನೆಗಳು ಕೆಲಸಕ್ಕೆ ಬಾರವು. ಬಿದ್ದು ಸತ್ತರೋ, ಮೇಲೆಯೇ ಎದೆ ಹಿಡಿದು ಬಿದ್ದರೋ ಕಂಡವರಿಲ್ಲ. ಮನೆಯವರು ಹೆಣ ಕೊಯ್ಯುವುದು ಬೇಡ ಎಂದು ಕೈಮುಗಿಯುತ್ತಾರೆ. ನಾನು ಪೊಲೀಸರಿಗೆ ಫೋನ್ ಮಾಡುತ್ತೇನೆ.