ಕೈತೋಟದ ಮಡಿ, ಬೀದಿಯ ಬೆಕ್ಕು: ನಾವು ಕಂಡುಕೊಂಡ ದಾರಿ

ಬೆಕ್ಕು ಕೈತೋಟಕ್ಕೆ ಬರುವುದು ಹದವಾದ ಮಣ್ಣನ್ನು ಹುಡುಕಿಕೊಂಡು. ಮಲವನ್ನು ಮಣ್ಣಿನಲ್ಲಿ ಮುಚ್ಚುವುದು ಅದರ ಹುಟ್ಟುಗುಣ. ಆಗಷ್ಟೇ ಅಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿ, ಕೊತ್ತಂಬರಿ ಬೀಜ ಚೆಲ್ಲಿದ ಮಡಿಗಿಂತ ಒಳ್ಳೆಯ ಜಾಗ ಅದಕ್ಕೆ ಬೀದಿಯಲ್ಲಿ ಬೇರೊಂದು ಸಿಗುವುದಿಲ್ಲ. ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲಿ ಬಹುತೇಕ ಮನೆಗಳಿಗೆ ಅಂಗಳವೋ ಹಿತ್ತಿಲೋ ಇದೆ; ದಸರಾ ಹೊತ್ತಿಗೆ ಹೂವು ಅರಳಬೇಕೆಂದು ಆಷಾಢದಿಂದಲೇ ಸಸಿ ಮಾಡಿಕೊಳ್ಳುವವರೂ ಇದ್ದಾರೆ. ಅದೇ ಬೀದಿಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಬೆಕ್ಕುಗಳಿಗೆ ಅನ್ನ ಹಾಕುತ್ತಾರೆ.

ಕಿತ್ತುಹೋದ ಸಸಿಗಳಿಂದ ಶುರುವಾದ ಮಾತು ಬಹುಬೇಗ ಮೇಷ್ಟ್ರ ಮನೆಯ ಗೇಟಿಗೆ ಬಂದಿತು. "ಮೇಷ್ಟ್ರೇ, ಪುಣ್ಯ ನಿಮಗೆ, ಗಲೀಜು ನಮಗೆ" ಎಂದು ಎದುರುಮನೆಯವರು ನೇರವಾಗಿಯೇ ಹೇಳಿದರು. "ಹಸಿದು ಬಂದ ಜೀವಕ್ಕೆ ಇಲ್ಲ ಅನ್ನೋದು ಹೇಗಮ್ಮ?" ಎಂಬುದು ಮೇಷ್ಟ್ರ ಉತ್ತರ. ಚೀಲಕ್ಕೆ ತುಂಬಿ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಬಿಟ್ಟು ಬರೋಣ ಎಂದವರೂ ಇದ್ದರು. ಇದಕ್ಕೆ ನಾನು ಒಪ್ಪಲಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ, ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಪ್ರಾಣಿಯನ್ನು ಬಿಟ್ಟುಬರುವುದು ಅಪರಾಧ; ವಿಷವಿಟ್ಟು ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ 5 ವರ್ಷದವರೆಗೆ ಸೆರೆವಾಸವಿದೆ. ಕಾನೂನು ಒತ್ತಟ್ಟಿಗಿರಲಿ, ಅನ್ನವೂ ಮಣ್ಣೂ ಇದ್ದಲ್ಲೇ ಇರುವಾಗ ತೆರವಾದ ಜಾಗಕ್ಕೆ ಪಕ್ಕದ ಬೀದಿಯ ಬೆಕ್ಕು ಬರುವುದು ಖಂಡಿತ.

ಆದ್ದರಿಂದ ನಾನು ಮೊದಲು ಕೈಹಾಕಿದ್ದು ನನ್ನದೇ ಮಣ್ಣಿಗೆ. ಬೀಜ ಹಾಕಿದ ದಿನವೇ ಮಡಿಯ ಮೇಲೆ ಕೋಳಿ ಜಾಲರಿಯನ್ನು ಹಾಸಿ ಅಂಚುಗಳಿಗೆ ಇಟ್ಟಿಗೆ ಇಟ್ಟೆ. ಮೊಳಕೆ ಜಾಲರಿಯ ಕಣ್ಣುಗಳಿಂದ ಮೇಲೆ ಬರುತ್ತದೆ, ಬೆಕ್ಕಿನ ಕಾಲು ಮಾತ್ರ ಮಣ್ಣಿಗೆ ತಾಗುವುದಿಲ್ಲ. ಬದನೆ, ಟೊಮ್ಯಾಟೊ ಸಸಿಗಳ ಬುಡದಲ್ಲಿ ಖಾಲಿ ಮಣ್ಣು ಕಾಣದಂತೆ ತೆಂಗಿನ ಮಟ್ಟೆಯನ್ನು ಸೀಳಿ, ನಾರಿನ ಭಾಗ ಕೆಳಗೆ ಬರುವ ಹಾಗೆ ಒತ್ತೊತ್ತಾಗಿ ಜೋಡಿಸಿದೆ. ಬೇಸಿಗೆಯಲ್ಲಿ ತೇವ ಉಳಿಯುವ ಲಾಭವೂ ಇದರಿಂದ ದೊರೆಯಿತು. ಇನ್ನೊಂದು ಸಂಗತಿ ನನಗೆ ತಿಳಿದದ್ದು ಕಳೆ ಕೀಳುವಾಗ. ಕಿತ್ತು ಒಂದು ಕಡೆ ಗುಡ್ಡೆ ಹಾಕಿದ್ದ ಕುಪ್ಪಿಗಿಡದ ಬೇರನ್ನು ಬೂದು ಬಣ್ಣದ ಗಂಡು ಬೆಕ್ಕೊಂದು ಮುಂಗಾಲುಗಳಲ್ಲಿ ಹಿಡಿದು ಕಚ್ಚಿ, ಕೆನ್ನೆ ಉಜ್ಜಿ, ಜೊಲ್ಲು ಸುರಿಸುತ್ತ ಅದರ ಮೇಲೆಯೇ ಹೊರಳಾಡಿತು. ಈ ಗಿಡದ ಬೇರಿಗೆ ಬೆಕ್ಕನ್ನು ಸೆಳೆಯುವ ಗುಣವಿದೆ. ಅದು ಬೆಳೆದಿರುವ ಪಾತಿಯನ್ನು ಬೆಕ್ಕುಗಳು ಬೇರಿಗಾಗಿಯೇ ಕೆದರುತ್ತವೆ. ಅಂದಿನಿಂದ ತರಕಾರಿ ಪಾತಿಗಳಲ್ಲಿ ಕುಪ್ಪಿಗಿಡವನ್ನು ಬೇರುಸಹಿತ ತೆಗೆಯುತ್ತೇನೆ, ಹಿತ್ತಿಲಿನ ಮೂಲೆಯಲ್ಲಿ ಮಾತ್ರ ನಾಲ್ಕು ಗಿಡ ಉಳಿಸಿಕೊಂಡಿದ್ದೇನೆ.

ಆ ಮೂಲೆಯಲ್ಲಿಯೇ, ಮಳೆ ಬೀಳದಂತೆ ಸೂರಿನ ಕೆಳಗೆ, ಜರಡಿ ಹಿಡಿದ ನಯವಾದ ಮರಳನ್ನು ಒಂದು ಗೇಣು ಆಳಕ್ಕೆ ತುಂಬಿಸಿದೆ. ಪಾತಿಯಲ್ಲಿದ್ದ ಬೆಕ್ಕಿನ ಮಲವನ್ನು ಮೊದಲ ದಿನ ಅಲ್ಲಿಗೆ ಹಾಕಿದ್ದರಿಂದ ವಾಸನೆ ಹಿಡಿದು ಬೆಕ್ಕುಗಳು ಅಲ್ಲಿಗೇ ಬರತೊಡಗಿದವು. ಖಾರದ ಪುಡಿ, ನುಸಿಗುಳಿಗೆಗಳನ್ನು ಸೂಚಿಸಿದವರಿಗೆ ನನ್ನ ಉತ್ತರ ಸ್ಪಷ್ಟವಾಗಿತ್ತು. ಖಾರದ ಪುಡಿ ಕಾಲಿಗಂಟಿ ಕಣ್ಣಿಗೆ ಹೋಗುತ್ತದೆ. ನುಸಿಗುಳಿಗೆ ಬೆಕ್ಕಿಗಷ್ಟೇ ಅಲ್ಲ, ಎತ್ತಿ ಬಾಯಿಗೆ ಹಾಕಿಕೊಳ್ಳುವ ಮಗುವಿಗೂ ವಿಷ.

ಮರಳನ್ನು ದಿನವೂ ಶುಚಿ ಮಾಡಲೇಬೇಕು. ಎದುರುಮನೆಯವರ ಸೊಸೆ ಬಸುರಿಯಾಗಿದ್ದಾಗ, ಬೆಕ್ಕಿನ ಮಲದಿಂದ ಹರಡಿ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಯ ಸೋಂಕಿನ ಭಯವೇ ಜಗಳವನ್ನು ಹೆಚ್ಚಿಸಿತ್ತು, ಆ ಭಯವನ್ನು ತಳ್ಳಿಹಾಕುವಂತಿಲ್ಲ. ಸೋಂಕು ತಗುಲಿದ ಬೆಕ್ಕಿನ ಮಲದಲ್ಲಿ ಹೊರಬರುವ ಈ ಜೀವಿಯ ಕೋಶಗಳು ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕಾಗುತ್ತದೆ. ಅದಕ್ಕೂ ಮೊದಲೇ ತೆಗೆದರೆ ಅಪಾಯ ಬಹುಮಟ್ಟಿಗೆ ತಗ್ಗುತ್ತದೆ, ಬಿಟ್ಟರೆ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹೀಗಾಗಿ ಮಣ್ಣಿನ ಕೆಲಸಕ್ಕೆ ಕೈಗವಸು, ಸೊಪ್ಪು ತರಕಾರಿಯನ್ನು ಚೆನ್ನಾಗಿ ತೊಳೆಯುವುದು, ಬಸುರಿಯರು ಮರಳು ತೆಗೆಯುವ ಕೆಲಸದಿಂದ ದೂರವಿರುವುದು, ಇಷ್ಟನ್ನು ಎಲ್ಲರೂ ಒಪ್ಪಿಕೊಂಡೆವು. ಮರಳು ಶುಚಿ ಮಾಡುವ ಕೆಲಸವನ್ನು ಮೇಷ್ಟ್ರು ತಾವಾಗಿಯೇ ವಹಿಸಿಕೊಂಡರು, ಮತ್ತು ನನ್ನ ಮಟ್ಟಿಗೆ ಜಗಳದ ಬಿಸಿ ಆರಿದ್ದು ಅಲ್ಲಿಂದಲೇ.

ಅನ್ನ ಹಾಕುವವರು ಸಂತಾನಹರಣದ ಹೊಣೆಯನ್ನೂ ಹೊರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಹೆಣ್ಣು ಬೆಕ್ಕು ಆರು ತಿಂಗಳು ತುಂಬುವ ಮೊದಲೇ ಗಬ್ಬವಾಗಬಲ್ಲದು, ಗರ್ಭದ ಅವಧಿ ಎರಡು ತಿಂಗಳಿಗಿಂತ ತುಸು ಹೆಚ್ಚು, ಮರಿಗಳಿಗೆ ಹಾಲೂಡುತ್ತಿರುವಾಗಲೇ ಮತ್ತೆ ಗಬ್ಬವಾಗುವುದೂ ಉಂಟು. ಹಾಗಾಗಿ ಹೊತ್ತುಗೊತ್ತಿಲ್ಲದೆ ತಟ್ಟೆ ಇಡುವುದನ್ನು ಬಿಟ್ಟು, ಸಂಜೆ ಒಂದೇ ಹೊತ್ತಿನಲ್ಲಿ ಊಟ ಹಾಕಿ ಉಳಿದದ್ದನ್ನು ಎತ್ತಿಬಿಡುವಂತೆ ಮೇಷ್ಟ್ರನ್ನು ಕೇಳಿಕೊಂಡೆ. ಹೊತ್ತಿಗೆ ಸರಿಯಾಗಿ ಬರುವ ಬೆಕ್ಕನ್ನು ಬೋನಿನಲ್ಲಿ ಹಿಡಿಯುವುದು ಸುಲಭ. ಪಶುವೈದ್ಯರಿಂದ ಬೋನು ತಂದು ಒಳಗೆ ಹುರಿದ ಮೀನಿನ ತುಂಡು ಇಟ್ಟೆವು. ಬಾಗಿಲು ಬಿದ್ದ ಕೂಡಲೇ ಹಳೆಯ ಬೆಡ್‌ಶೀಟ್ ಹೊದಿಸಿದರೆ, ಕಂಬಿಗೆ ಮೂತಿ ಗುದ್ದಿಕೊಳ್ಳುತ್ತಿದ್ದ ಬೆಕ್ಕು ಕತ್ತಲಾದೊಡನೆ ಸುಮ್ಮನೆ ಮುದುಡಿ ಕೂರುತ್ತದೆ. ಶಸ್ತ್ರಚಿಕಿತ್ಸೆಯ ಜೊತೆಗೇ ರೇಬಿಸ್ ಲಸಿಕೆ ಹಾಕಿಸಿ, ಗುರುತಿಗಾಗಿ ಎಡಗಿವಿಯ ತುದಿಯನ್ನು ಕತ್ತರಿಸಿ ತೆಗೆಸಿದೆವು. ಖರ್ಚನ್ನು ಬೀದಿಯವರು ಹಂಚಿಕೊಂಡರು. ರಾತ್ರಿಯ ಕೂಗಾಟ, ಗಂಡು ಬೆಕ್ಕುಗಳು ಬಾಗಿಲಿಗೆ ಸಿಡಿಸುತ್ತಿದ್ದ ಮೂತ್ರದ ಗಬ್ಬುನಾತ ಎರಡೂ ತಗ್ಗಿದವು.

ಹಕ್ಕಿಗಳ ವಿಷಯದಲ್ಲಿ ಇಷ್ಟು ಯಶಸ್ಸು ಸಿಕ್ಕಿಲ್ಲ. ಸಂತಾನಹರಣವಾದ ಬೆಕ್ಕೂ, ಹೊಟ್ಟೆ ತುಂಬಿದ ಬೆಕ್ಕೂ ಬೇಟೆಯಾಡುತ್ತವೆ. ನಮ್ಮ ದಾಸವಾಳದ ಪೊದೆಯಲ್ಲಿ ಪಿಕಳಾರಗಳು ಕೈಗೆಟಕುವ ಎತ್ತರದಲ್ಲಿಯೇ ಗೂಡು ಕಟ್ಟುತ್ತವೆ. ಮರಿಗಳು ಹಾರಲು ಕಲಿಯುವ ಮುನ್ನವೇ ಗೂಡಿನಿಂದ ಇಳಿದು ಪೊದೆಯಡಿ ಕುಪ್ಪಳಿಸುತ್ತವೆ. ಗೂಡು ಕಂಡ ದಿನದಿಂದ ಪೊದೆಯ ಸುತ್ತ ಕಾಗದದ ಹೂವಿನ ಮುಳ್ಳುಕೊಂಬೆಗಳನ್ನು ಒತ್ತಾಗಿ ಚುಚ್ಚುತ್ತೇನೆ, ಸೀಬೆ ಮರದ ಕಾಂಡಕ್ಕೆ ಬೆಕ್ಕಿನ ಉಗುರು ಜಾರುವಂತೆ ತಗಡು ಸುತ್ತಿದ್ದೇನೆ. ಮರಿಗಳು ಇಳಿಯುವ ದಿನಗಳಲ್ಲಿ ಮೇಷ್ಟ್ರು ಬೆಕ್ಕುಗಳಿಗೆ ಬೆಳಗ್ಗೆಯೇ ಊಟ ಹಾಕಿ, ತಮ್ಮ ಜಗುಲಿಯಲ್ಲಿ ಆದಷ್ಟು ಹೊತ್ತು ತಡೆದಿಟ್ಟುಕೊಳ್ಳುತ್ತಾರೆ.