ಹಳೆಯ ಬೇಟ್‌ಕಾಸ್ಟಿಂಗ್ ರೀಲ್, ಹೊಸ ರೀಲ್: ಪಕ್ಕಪಕ್ಕ ಇಟ್ಟು ನೋಡುವುದು ಹೇಗೆ?

ಬೇಟ್‌ಕಾಸ್ಟರ್ ಅಂದರೆ ಮೀನಿನ ಗಾಳದ ರಾಡಿನ ಮೇಲೆ ಕೂರುವ ರೀಲ್; ಎಸೆದಾಗ ಲೈನ್ (ದಾರ) ಸುತ್ತಿದ ಉರುಳೆ, ಅಂದರೆ ಸ್ಪೂಲ್, ತಾನೇ ತಿರುಗಿ ಲೈನ್ ಬಿಡುತ್ತದೆ. ಹಳೆಯ ಬೇಟ್‌ಕಾಸ್ಟರ್ ಚೆನ್ನಾಗಿದೆಯಾ, ಹೊಸದು ಚೆನ್ನಾಗಿದೆಯಾ ಅಂತ ನೋಡಬೇಕಾದರೆ ಮೊದಲು ಹಳೆಯದನ್ನು ಬಿಚ್ಚಿ ತೊಳೆಯಿರಿ. ಇಪ್ಪತ್ತು ವರ್ಷ ಅಟ್ಟದ ಮೇಲೆ ಬಿದ್ದಿದ್ದ ರೀಲ್‌ನೊಳಗೆ ಗ್ರೀಸ್ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿರುತ್ತದೆ. ಅದನ್ನು ಹಾಗೇ ರಾಡಿಗೆ ಕಟ್ಟಿ ಎರಡು ಸಲ ಎಸೆದು, ‘ಹತ್ತು ಮೀಟರ್ ಕೂಡ ಹೋಗಲ್ಲ, ಹಳೇದು ಹಳೇದೇ’ ಅಂದುಬಿಟ್ಟರೆ ನೀವು ಪರೀಕ್ಷೆ ಮಾಡಿದ್ದು ಒಣಗಿದ ಗ್ರೀಸನ್ನು ಅಷ್ಟೇ.

ನಾನು ಇಲ್ಲಿ ಉದಾಹರಣೆಗೆ ಆಬು ಅಂಬಾಸಡರ್ ರೀಲನ್ನೇ ಇಟ್ಟುಕೊಳ್ಳುತ್ತೇನೆ. ಯಾಕೆಂದರೆ ನಮ್ಮಲ್ಲಿ ಯಾರದಾದರೂ ಮನೆಯಲ್ಲಿ ಹಳೆಯ ಬೇಟ್‌ಕಾಸ್ಟರ್ ಸಿಕ್ಕಿತು ಅಂದರೆ ಅದು ಬಹುಮಟ್ಟಿಗೆ ಇದೇ ದುಂಡನೆಯ ರೀಲ್ ಆಗಿರುತ್ತದೆ. ಆಬು ಕಂಪನಿ ಶುರುವಾಗಿದ್ದು 1921ರಲ್ಲಿ, ಸ್ವೀಡನ್ನಿನ ಸ್ವೆಂಗ್‌ಸ್ತಾ ಅನ್ನುವ ಊರಿನಲ್ಲಿ, ಗಡಿಯಾರದ ಕಾರ್ಖಾನೆಯಾಗಿ. ಆಮೇಲೆ ಟ್ಯಾಕ್ಸಿ ಮೀಟರ್ ಮಾಡಿದರು, ಎರಡನೇ ಮಹಾಯುದ್ಧದಲ್ಲಿ ಮೀಟರ್ ಕೇಳುವವರು ಕಡಿಮೆಯಾದಾಗ ರೀಲ್ ಕಡೆ ಬಂದರು. ಅಂಬಾಸಡರ್ 5000 ಬಂದಿದ್ದು 1952ರಲ್ಲಿ. ಗಡಿಯಾರ ಮಾಡಿದ ಕೈ ಅನ್ನುವುದು ಆ ರೀಲ್ ಬಿಚ್ಚಿದ ಕೂಡಲೇ ಗೊತ್ತಾಗುತ್ತದೆ, ಹಿತ್ತಾಳೆ ಗೇರಿನ ಹಲ್ಲುಗಳು ನೋಡಲೇ ಖುಷಿ.

ನಿಮ್ಮ ಕೈಯಲ್ಲಿರುವುದು ಎಷ್ಟು ಹಳೆಯದು ಅಂತ ತಿಳಿಯಲು ರಾಡಿಗೆ ಕೂರುವ ಪಾದವನ್ನು ತಿರುಗಿಸಿ ನೋಡಿ. 70ರ ದಶಕದಿಂದೀಚಿನ ಎಷ್ಟೋ ರೀಲ್‌ಗಳಲ್ಲಿ ಅಲ್ಲಿ ಆರು ಅಂಕಿ ಒತ್ತಿರುತ್ತಾರೆ. 760803 ಅಂತಿದ್ದರೆ 76 ಅಂದರೆ 1976ನೇ ಇಸವಿ, 08 ಅಂದರೆ ಆಗಸ್ಟ್ ತಿಂಗಳು, 03 ಅಂದರೆ ಆ ಮಾದರಿಯ ಮೂರನೇ ರೂಪ. ಬಿಡಿಭಾಗ ಹುಡುಕುವಾಗ ಈ ಅಂಕಿ ಬೇಕೇ ಬೇಕು, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಇನ್ನು ಹೆಸರಿನಲ್ಲಿರುವ ಸಿ ಅಕ್ಷರ ಬಾಲ್ ಬೇರಿಂಗ್ ಇರುವ ಮಾದರಿ ಅಂತ ಹೇಳುತ್ತದೆ. ಬರೀ 5000 ಅಂತಿದ್ದರೆ ಸ್ಪೂಲ್ ತಿರುಗುವುದು ಬುಶ್ (ಒಳಗೆ ಗುಂಡುಗಳಿಲ್ಲದ ಬಳೆ) ಮೇಲೆ, 5000ಸಿ ಅಂತಿದ್ದರೆ ಬೇರಿಂಗ್ ಮೇಲೆ. ಇವೆರಡನ್ನೂ ‘ಹಳೇದು’ ಅಂತ ಒಂದೇ ಬುಟ್ಟಿಗೆ ಹಾಕಬೇಡಿ.

ತೊಳೆಯುವ ಕೆಲಸ ಒಂದು ಸಂಜೆಯದು. ಬಿಳಿ ಬಟ್ಟೆ ಹಾಸಿ, ಪಕ್ಕದ ತಟ್ಟೆ ಬಿಚ್ಚಿ, ಒಂದೊಂದು ಭಾಗ ತೆಗೆದಾಗಲೂ ಫೋಟೋ ತೆಗೆದು, ತೆಗೆದ ಸಾಲಿನಲ್ಲೇ ಎಡದಿಂದ ಬಲಕ್ಕೆ ಇಡುತ್ತಾ ಹೋಗಿ. ಬೇರಿಂಗನ್ನು ಲೈಟರ್ ಫ್ಲೂಯಿಡ್‌ನಲ್ಲಿ ಅದ್ದಿ ಒಣಗಿಸಿ. ಕಿಟಕಿ ತೆಗೆದಿರಲಿ, ಒಲೆ ದೇವರ ದೀಪ ಯಾವುದೂ ಹತ್ತಿರ ಇರಬಾರದು. ಬೇರಿಂಗಿಗೆ ತೆಳು ಎಣ್ಣೆ ಒಂದೇ ಹನಿ, ಗೇರಿಗೆ ತೆಳ್ಳಗೆ ಗ್ರೀಸ್. ಬೇರಿಂಗಿಗೆ ಗ್ರೀಸ್ ತುಂಬುವುದೇ ಜಾಸ್ತಿ ಜನ ಮಾಡುವ ತಪ್ಪು. ಬ್ರೇಕ್ ಉಜ್ಜುವ ಉಂಗುರಕ್ಕೆ ಮಾತ್ರ ಏನೂ ಹಚ್ಚಬೇಡಿ.

ಬಿಚ್ಚುವಾಗ ಬ್ರೇಕ್ ಗುಂಡಿಗಳನ್ನು, ಅಂದರೆ ಸ್ಪೂಲ್ ಅತಿ ವೇಗವಾಗಿ ತಿರುಗದಂತೆ ತಡೆಯುವ ಚಿಕ್ಕ ತುಂಡುಗಳನ್ನು, ಎಣಿಸಿ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಅಂಬಾಸಡರ್ 6500ಸಿ ತಗೊಂಡಿದ್ದೆ. ಎಸೆದಾಗಲೆಲ್ಲ ಲೈನ್ ಹಕ್ಕಿಗೂಡಿನ ಹಾಗೆ ಸಿಕ್ಕು ಬೀಳುತ್ತಿತ್ತು. ಎರಡು ತಿಂಗಳು ನನ್ನ ಹೆಬ್ಬೆರಳಿನದೇ ತಪ್ಪು ಅಂದುಕೊಂಡು ಅಭ್ಯಾಸ ಮಾಡಿದೆ. ಕೊನೆಗೊಂದು ದಿನ ಬಿಚ್ಚಿ ನೋಡಿದರೆ ಎರಡು ಗುಂಡಿ ಇರಬೇಕಾದ ಕಡೆ ಒಂದೂ ಇರಲಿಲ್ಲ. ಮೆಣಸಿನ ಕಾಳಿನಷ್ಟೇ ಇರುವ ಎರಡು ತುಂಡು. ಹಾಕಿದ ದಿನವೇ ರೀಲ್ ಬೇರೆಯದೇ ಆಯಿತು.

ಈಗ ಎರಡೂ ರೀಲ್ ಮೇಜಿನ ಮೇಲಿವೆ ಅಂದುಕೊಳ್ಳಿ. ಮೊದಲು ತೂಕ. ರೀಲಿನ ತೂಕ ಅಲ್ಲ, ಸ್ಪೂಲಿನ ತೂಕ. ಎರಡೂ ಸ್ಪೂಲ್ ಹೊರಗೆ ತೆಗೆದು, ನೀವು ಬಳಸುವ ಲೈನ್ ಸುತ್ತಿರುವಾಗಲೇ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಹಳೆಯದಕ್ಕೂ ಹೊಸದಕ್ಕೂ ಇರುವ ನಿಜವಾದ ವ್ಯತ್ಯಾಸ ಇಲ್ಲೇ ಇದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎಸೆದಾಗ ಹಾರುವ ಲೂರ್ (ಲೈನಿನ ತುದಿಗೆ ಕಟ್ಟುವ ನಕಲಿ ಬೇಟ್) ಆ ಸ್ಪೂಲನ್ನು ಎಳೆದು ತಿರುಗಿಸಬೇಕು, ಅಲ್ವಾ? ಸ್ಪೂಲ್ ಭಾರ ಇದ್ದರೆ ಹಗುರ ಲೂರಿಗೆ ಅದನ್ನು ಎಬ್ಬಿಸುವ ಶಕ್ತಿ ಇರುವುದಿಲ್ಲ, ಎದ್ದ ಮೇಲೆ ಲೂರ್ ನಿಧಾನವಾದರೂ ಸ್ಪೂಲ್ ನಿಲ್ಲುವುದಿಲ್ಲ, ಆಗಲೇ ಸಿಕ್ಕು. ಹಳೆಯ ಸ್ಪೂಲ್‌ಗಳು ದಪ್ಪ ತಂಗೂಸಿಯ (ನೈಲಾನ್ ಲೈನಿನ) ಕಾಲದವು, ಆಳ ಜಾಸ್ತಿ, ನೂರಾರು ಮೀಟರ್ ಹಿಡಿಯುತ್ತವೆ. ಇವತ್ತಿನ ತೆಳು ಬ್ರೇಡಿಗೆ (ಎಳೆಗಳನ್ನು ಹೆಣೆದು ಮಾಡಿದ ಲೈನಿಗೆ) ಅಷ್ಟು ಆಳ ಬೇಕಿಲ್ಲ, ಆಳವಿಲ್ಲದ ತೆಳು ಅಲ್ಯುಮಿನಿಯಂ ಸ್ಪೂಲ್ ಸಾಕು. ಹಗುರ ಲೂರಿಗೆಂದೇ ಮಾಡುವ ಬಿಎಫ್‌ಎಸ್ (ಬೇಟ್ ಫಿನೆಸ್ ಸಿಸ್ಟಮ್) ರೀಲ್‌ಗಳಲ್ಲಿ ಬರೀ ಸ್ಪೂಲ್ 10 ಗ್ರಾಂಗಿಂತ ಕಡಿಮೆ ತೂಗುವುದೂ ಉಂಟು.

ಎರಡನೆಯದು ಬ್ರೇಕ್. ಹಳೆಯ ಅಂಬಾಸಡರ್‌ನಲ್ಲಿ ಸ್ಪೂಲ್ ತಿರುಗಿದಾಗ ಆ ಎರಡು ಗುಂಡಿಗಳು ಹೊರಗೆ ಸರಿದು ಉಂಗುರಕ್ಕೆ ಉಜ್ಜುತ್ತವೆ. ಈಗಿನ ಎಷ್ಟೋ ಮಾದರಿಗಳಲ್ಲಿ ಇಂಥ ಗುಂಡಿ ಆರು ಇರುತ್ತವೆ, ಎಷ್ಟು ಕೆಲಸ ಮಾಡಬೇಕು ಅಂತ ನೀವೇ ಆರಿಸಬಹುದು. ವೇಗ ಎರಡು ಪಟ್ಟಾದರೆ ಈ ಗುಂಡಿಗಳ ಒತ್ತಡ ನಾಲ್ಕು ಪಟ್ಟಾಗುತ್ತದೆ. ಅಂದರೆ ಎಸೆದ ಮೊದಲ ಕ್ಷಣದಲ್ಲಿ ಗಟ್ಟಿ ಹಿಡಿದು, ಕೊನೆಯಲ್ಲಿ ಬಹುತೇಕ ಬಿಟ್ಟುಬಿಡುತ್ತದೆ. ಅಯಸ್ಕಾಂತದ ಬ್ರೇಕ್ ಹಾಗಲ್ಲ, ವೇಗ ಎರಡು ಪಟ್ಟಾದರೆ ಹಿಡಿತವೂ ಸುಮಾರು ಎರಡೇ ಪಟ್ಟು. ಹಾಗಾಗಿ ಕೊನೆಯವರೆಗೂ ಸ್ವಲ್ಪ ಹಿಡಿದೇ ಇರುತ್ತದೆ, ಎದುರು ಗಾಳಿಯಲ್ಲಿ ಇದು ದೊಡ್ಡ ಸಹಾಯ. ಡೈವಾ ಕಂಪನಿಯ ಮ್ಯಾಗ್‌ಫೋರ್ಸ್ ಝಡ್ ಬ್ರೇಕಿನಲ್ಲಿ ವೇಗ ಹೆಚ್ಚಿದಾಗ ಸ್ಪೂಲಿನೊಳಗಿನ ಒಂದು ತುಂಡು ಅಯಸ್ಕಾಂತದ ಕಡೆ ಸರಿಯುತ್ತದೆ, ನಿಧಾನವಾದಾಗ ಹಿಂದೆ ಬರುತ್ತದೆ. ಶಿಮಾನೊ ಕಂಪನಿಯ ಡಿಸಿ ಬ್ರೇಕ್ ಇನ್ನೂ ಮುಂದೆ ಹೋಗಿದೆ. ಸ್ಪೂಲ್ ತಿರುಗುವುದರಿಂದಲೇ ವಿದ್ಯುತ್ ಹುಟ್ಟಿಸಿಕೊಂಡು, ಬ್ಯಾಟರಿಯೇ ಇಲ್ಲದೆ, ಒಳಗಿನ ಚಿಪ್ ಬ್ರೇಕನ್ನು ಕ್ಷಣಕ್ಷಣಕ್ಕೂ ಬದಲಿಸುತ್ತದೆ. ಹೋಲಿಸುವಾಗ ನೀವು ಕೇಳಬೇಕಾದ ಪ್ರಶ್ನೆ ಸರಳ: ಲೂರ್ ಬದಲಿಸಿದಾಗ ಬ್ರೇಕ್ ಬದಲಿಸಲು ಎಷ್ಟು ಹೊತ್ತು ಬೇಕು? ಹಳೆಯದರಲ್ಲಿ ತಟ್ಟೆ ಬಿಚ್ಚಬೇಕು, ಕೆರೆ ಏರಿ ಮೇಲೆ ಒದ್ದೆ ಕೈಯಲ್ಲಿ ಗುಂಡಿ ಬಿದ್ದರೆ ಹೋಯಿತು. ಹೊಸ ಎಷ್ಟೋ ರೀಲ್‌ಗಳಲ್ಲಿ ಹೊರಗಿನ ಡಯಲ್ ತಿರುಗಿಸಿದರೆ ಆಯಿತು.

ಮೂರನೆಯದನ್ನು ಜನ ನೋಡುವುದೇ ಇಲ್ಲ. ಬಟನ್ ಒತ್ತಿ ಸ್ಪೂಲ್ ಬಿಡಿ, ಕೈಯಲ್ಲಿ ಲೈನ್ ಎಳೆಯಿರಿ, ಲೈನ್ ಹಾದು ಬರುವ ಆ ಚಿಕ್ಕ ಕಣ್ಣು ಅತ್ತಿತ್ತ ಓಡಾಡುತ್ತದಾ ನೋಡಿ. ಹಳೆಯ ಅಂಬಾಸಡರ್‌ಗಳಲ್ಲಿ ಸಾಮಾನ್ಯವಾಗಿ ಓಡಾಡುತ್ತದೆ, ಹೊಸ ಚಪ್ಪಟೆ ರೀಲ್‌ಗಳಲ್ಲಿ ಬಹುಪಾಲು ನಿಂತಲ್ಲೇ ನಿಂತಿರುತ್ತದೆ. ನಿಂತಿದ್ದರೆ ಎಸೆಯುವಾಗ ತಿಕ್ಕಾಟ ಕಡಿಮೆ. ಆದರೆ ದೊಡ್ಡ ಮೀನು ಡ್ರ್ಯಾಗ್ (ಜೋರಾಗಿ ಎಳೆದಾಗ ಲೈನ್ ತುಂಡಾಗದಂತೆ ಸ್ಪೂಲನ್ನು ಜಾರಬಿಡುವ ಏರ್ಪಾಡು) ಮೇಲೆ ಲೈನ್ ಎಳೆದುಕೊಂಡು ಓಡುವಾಗಲೂ ಅದು ನಿಂತೇ ಇರುತ್ತದೆ, ಯಾಕೆಂದರೆ ಅದನ್ನು ನಡೆಸುವುದು ಹ್ಯಾಂಡಲ್, ಹ್ಯಾಂಡಲ್ ಆಗ ತಿರುಗುತ್ತಿರುವುದಿಲ್ಲ. ಸ್ಪೂಲಿನ ಒಂದು ತುದಿಯಿಂದ ಬರುವ ಲೈನ್ ಇನ್ನೊಂದು ತುದಿಯಲ್ಲಿರುವ ಕಣ್ಣಿಗೆ ಓರೆಯಾಗಿ ಉಜ್ಜುತ್ತದೆ. ಉದ್ದ ಓಡುವ ಮೀನಿಗೆ ಹಳೆಯ ಪದ್ಧತಿಯೇ ಮೇಲು.

ಹ್ಯಾಂಡಲ್ ಹಿಂದಕ್ಕೆ ತಿರುಗಿಸಿ ನೋಡಿ. ಹಳೆಯದು ಸ್ವಲ್ಪ ಹಿಂದೆ ಬಂದು ‘ಟಕ್’ ಅಂತ ನಿಲ್ಲುತ್ತದೆ, ಒಳಗೆ ಹಲ್ಲಿನ ಚಕ್ರ ಮತ್ತು ಕೊಕ್ಕೆ ಇದೆ. ಹೊಸದರಲ್ಲಿ ಒನ್‌ವೇ ಬೇರಿಂಗ್, ಒಂದು ಕೂದಲೆಳೆಯಷ್ಟೂ ಹಿಂದೆ ಬರಲ್ಲ. ಮೀನು ಕಚ್ಚಿದಾಗ ಎಳೆಯಲು ಹೊಸದು ಹಿತ. ಆದರೆ ಆ ಬೇರಿಂಗಿಗೆ ಎಣ್ಣೆ ಜಾಸ್ತಿಯಾದರೆ ಜಾರುತ್ತದೆ, ಕೊಕ್ಕೆ ಹಾಗೆಲ್ಲ ಜಾರುವುದಿಲ್ಲ.

ಗೇರ್ ಅನುಪಾತವನ್ನು, ಅಂದರೆ ಹ್ಯಾಂಡಲ್ ಒಂದು ಸುತ್ತಿಗೆ ಸ್ಪೂಲ್ ಎಷ್ಟು ಸುತ್ತು ತಿರುಗುತ್ತದೆ ಅನ್ನುವ ಸಂಖ್ಯೆಯನ್ನು, ಹಾಗೇ ನಂಬಬೇಡಿ, ಸೆಂಟಿಮೀಟರಿಗೆ ಬದಲಿಸಿಕೊಳ್ಳಿ. ಲೈನ್ ತುಂಬಿದ ಸ್ಪೂಲಿನ ಅಡ್ಡಳತೆ ಅಳೆದು 3.14ರಿಂದ ಗುಣಿಸಿ, ಅದನ್ನು ಅನುಪಾತದಿಂದ ಗುಣಿಸಿ. ಅಡ್ಡಳತೆ 36 ಮಿಲಿಮೀಟರ್ ಇದ್ದರೆ ಸುತ್ತಳತೆ 113. ಹಳೆಯ 6500ಸಿಯ 4.7ಕ್ಕೆ ಒಂದು ಸುತ್ತಿಗೆ ಸುಮಾರು 53 ಸೆಂಟಿಮೀಟರ್ ಲೈನ್ ಬರುತ್ತದೆ. ಈಗಿನ 6500 ಸಿ3ಯ 5.3ಕ್ಕೆ 60, ಸಿ4ರ 6.3ಕ್ಕೆ 71. ಇನ್ನು 34 ಮಿಲಿಮೀಟರಿನ ಚಪ್ಪಟೆ ರೀಲಿನಲ್ಲಿ 7.4 ಅನುಪಾತ ಇದ್ದರೆ 79 ಬರುತ್ತದೆ. ವೇಗ ಜಾಸ್ತಿ ಅಂದರೆ ಎಳೆಯುವ ಬಲ ಕಡಿಮೆ, ಸೈಕಲ್ ಗೇರಿನ ಹಾಗೆ. ಕ್ರ್ಯಾಂಕ್‌ಬೇಟ್ (ನೀರಿನಲ್ಲಿ ಜೋರಾಗಿ ಎಳೆತ ಕೊಡುವ ಲೂರ್) ಎಳೆಯುವಾಗ ಹಳೆಯ 4.7 ಕೈಗೆ ಎಷ್ಟು ಆರಾಮ ಅಂತ ಎಳೆದವರಿಗೇ ಗೊತ್ತು.

ಡ್ರ್ಯಾಗ್ ಪರೀಕ್ಷೆಗೆ ಲಗೇಜ್ ತೂಗುವ ಕೈ ತಕ್ಕಡಿ ಸಾಕು. ಲೈನಿಗೆ ಕಟ್ಟಿ ನಿಧಾನವಾಗಿ ಎಳೆಯಿರಿ. ಸ್ಪೂಲ್ ಮೊದಲು ಜಾರಿದಾಗ ಎಷ್ಟು ತೋರಿಸಿತು, ಜಾರುತ್ತಾ ಇರುವಾಗ ಎಷ್ಟು ತೋರಿಸುತ್ತಿದೆ, ಎರಡನ್ನೂ ಬರೆದುಕೊಳ್ಳಿ. ಎರಡರ ನಡುವೆ ಅಂತರ ಕಡಿಮೆ ಇದ್ದಷ್ಟು ಡ್ರ್ಯಾಗ್ ಒಳ್ಳೆಯದು, ಜಾಸ್ತಿ ಇದ್ದರೆ ಮೀನು ಮೊದಲ ಜಗ್ಗಿಗೇ ಲೈನ್ ತುಂಡು ಮಾಡುತ್ತದೆ. ಹಳೆಯ ಫೈಬರ್ ವಾಷರ್‌ಗಳು ಇಲ್ಲಿ ಸೋಲುತ್ತವೆ. ಅದಕ್ಕೆ ಮದ್ದೂ ಇದೆ: ಕಾರ್ಬನ್ ವಾಷರ್ ತಂದು ಹಾಕಿದರೆ ಹಳೆಯ ರೀಲ್ ಹೊಸದರ ಸಮಕ್ಕೆ ನಿಲ್ಲುತ್ತದೆ. 10 ಕಿಲೋ ಲೈನಿಗೆ ಎರಡೂವರೆಯಿಂದ ಮೂರು ಕಿಲೋ ಡ್ರ್ಯಾಗ್ ಇಟ್ಟರೆ ಸಾಕು, ಆದ್ದರಿಂದ ಪೆಟ್ಟಿಗೆಯ ಮೇಲೆ ಬರೆದಿರುವ ದೊಡ್ಡ ಡ್ರ್ಯಾಗ್ ಸಂಖ್ಯೆಗೆ ಮರುಳಾಗಬೇಡಿ.

ಇನ್ನು ಮೈದಾನಕ್ಕೆ ಹೋಗಿ. ನೀರು ಬೇಡ, ಗಾಳದ ಮುಳ್ಳು ಬೇಡವೇ ಬೇಡ. ಒಂದೇ ರಾಡ್, ಒಂದೇ ಲೈನ್, ಒಂದೇ ಬೊಡ್ಡು (ಲೂರ್ ಬದಲು ಲೈನಿಗೆ ಕಟ್ಟುವ ತೂಕ). ಹಳೆಯದಕ್ಕೆ ದಪ್ಪ ತಂಗೂಸಿ ಸುತ್ತಿ ಹೊಸದಕ್ಕೆ ತೆಳು ಬ್ರೇಡ್ ಸುತ್ತಿ ಎಸೆದರೆ ಗೆದ್ದಿದ್ದು ರೀಲೋ ಬ್ರೇಡೋ ಹೇಳಲು ಆಗಲ್ಲ. ಬ್ರೇಡ್ ಸುತ್ತುವುದಾದರೆ ಅಡಿಯಲ್ಲಿ ಒಂದು ಪದರ ತಂಗೂಸಿ ಸುತ್ತಿ, ಇಲ್ಲದಿದ್ದರೆ ನುಣುಪು ಸ್ಪೂಲ್ ಮೇಲೆ ಬ್ರೇಡ್ ಪೂರಾ ಜಾರುತ್ತದೆ. ಎರಡನ್ನೂ ಅಂಚಿಗಿಂತ 2 ಮಿಲಿಮೀಟರ್ ಕೆಳಗಿನವರೆಗೆ ತುಂಬಿ. 7 ಗ್ರಾಂ, 14 ಗ್ರಾಂ, 28 ಗ್ರಾಂ, ಈ ಮೂರು ಬೊಡ್ಡಿನಲ್ಲಿ ಹತ್ತತ್ತು ಸಲ ಎಸೆಯಿರಿ. ಪ್ರತಿ ಬೊಡ್ಡಿಗೂ ಸ್ಪೂಲನ್ನು ಬಿಗಿ-ಸಡಿಲ ಮಾಡುವ ಪಕ್ಕದ ನಾಬ್ ಹೊಂದಿಸಿ: ಬಟನ್ ಒತ್ತಿದಾಗ ಬೊಡ್ಡು ನಿಧಾನಕ್ಕೆ ಇಳಿಯಬೇಕು, ನೆಲ ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಹೆಜ್ಜೆಯಲ್ಲಿ ದೂರ ಅಳೆದು ಬರೆಯಿರಿ, ಸಿಕ್ಕು ಬಿದ್ದದ್ದನ್ನೂ ಬರೆಯಿರಿ. ನನ್ನ ಪುಸ್ತಕದಲ್ಲಿ 28 ಗ್ರಾಂಗೆ ಹಳೆಯ 6500ಸಿಗೂ ಹೊಸ ಚಪ್ಪಟೆ ರೀಲಿಗೂ ನಾಲ್ಕೈದು ಹೆಜ್ಜೆಯ ವ್ಯತ್ಯಾಸವೂ ಇಲ್ಲ. 14ಕ್ಕೆ ಹೊಸದು ಸ್ವಲ್ಪ ಮುಂದೆ. 7 ಗ್ರಾಂಗೆ ಮಾತ್ರ ಹಳೆಯದು ಎಸೆಯಲು ಆಗುವುದೇ ಇಲ್ಲ ಅನ್ನಬಹುದು.

ಈ ಪಟ್ಟಿ ಕೈಯಲ್ಲಿದ್ದರೆ ತೀರ್ಮಾನ ಸುಲಭ, ನೀವು ಹಿಡಿಯುವ ಮೀನು ಯಾವುದು ಅಂತ ನೋಡಿದರೆ ಆಯಿತು. ಕೆರೆಯ ಜೊಂಡಿನಲ್ಲಿ ಕೊರವ ಮೀನಿಗೆ, ಅಂದರೆ ಮುರ್ರೆಲ್‌ಗೆ, ಹಗುರ ರಬ್ಬರ್ ಕಪ್ಪೆ ಎಸೆಯುತ್ತಾ ದಿನಕ್ಕೆ ಮುನ್ನೂರು ಸಲ ಕೈ ಬೀಸುವವರು ಹೊಸ ಚಪ್ಪಟೆ ರೀಲನ್ನೇ ತಗೊಳ್ಳಿ. ಅದು 200 ಗ್ರಾಂ ಆಸುಪಾಸು, ದುಂಡನೆಯದು 300 ದಾಟುತ್ತದೆ, ಸಂಜೆ ಹೊತ್ತಿಗೆ ಮಣಿಕಟ್ಟು ಹೇಳುತ್ತದೆ. ಹೆಬ್ಬೆರಳಿಗೂ ಹೊಸದು ಹತ್ತಿರ ಸಿಗುತ್ತದೆ.

ಭಾರದ ಬೇಟ್ ಎಸೆದು ಕಾಯುವ ಕೆಲಸಕ್ಕೆ ಹಳೆಯ ದುಂಡು ರೀಲನ್ನು ಬಿಟ್ಟುಕೊಡಬೇಡಿ. ಕಾವೇರಿಯಲ್ಲಿ ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಲಿಬೋರೆ ಕಡೆ ಬಿಳಿ ಮೀನಿಗೆ, ಅಂದರೆ ಮಹಶೀರ್‌ಗೆ, ರಾಗಿ ಹಿಟ್ಟಿನ ಉಂಡೆ ಕಟ್ಟಿ ಗಾಳ ಹಾಕುತ್ತಿದ್ದ ಕಾಲ ಇತ್ತು. ಮುಷ್ಟಿ ಗಾತ್ರದ ಉಂಡೆ, ಬಂಡೆಗಳ ನಡುವೆ ನುಗ್ಗುವ ನೀರು, ಒಂದೇ ಉಸಿರಿಗೆ ನೂರು ಮೀಟರ್ ಓಡುವ ಮೀನು. ಅಂಥ ಕಡೆ ಬೇಕಾಗುವುದು ಲೈನ್ ಹಿಡಿಯುವ ಆಳದ ಸ್ಪೂಲ್, ಬಗ್ಗದ ಚೌಕಟ್ಟು, ಮೀನು ಮುಟ್ಟಿದರೆ ಕಿರುಗುಟ್ಟುವ ಕ್ಲಿಕ್ಕರ್. ಹೊಸ ಚಪ್ಪಟೆ ರೀಲ್‌ಗಳಲ್ಲಿ ಕ್ಲಿಕ್ಕರ್ ಅಪರೂಪ. ಈಗ ಕಾವೇರಿ ವನ್ಯಜೀವಿಧಾಮದೊಳಗೆ ಗಾಳ ಹಾಕುವಂತಿಲ್ಲ, ಅಲ್ಲಿನ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರ್ 2018ರಿಂದ ತೀರಾ ಅಳಿವಿನಂಚಿನ ಮೀನುಗಳ ಪಟ್ಟಿಯಲ್ಲಿದೆ. ಅನುಮತಿ ಇರುವ ಬೇರೆ ನೀರಿನಲ್ಲಿ ಮಹಶೀರ್ ಸಿಕ್ಕರೂ ನೀರಿನಿಂದ ಎತ್ತದೆ ಮುಳ್ಳು ಬಿಡಿಸಿ ಬಿಟ್ಟುಬಿಡಿ, ದಯವಿಟ್ಟು.

ಹಳೆಯದನ್ನು ಕೊಳ್ಳಲು ಹೊರಟಿದ್ದರೆ ಅಂಗಡಿಯಲ್ಲೇ ಮೂರು ಕಡೆ ನೋಡಿ. ಲೈನ್ ಕಣ್ಣನ್ನು ನಡೆಸುವ ತಿರುಪಿನ ಕಂಬಿ ಮತ್ತು ಅದರ ತೋಡಿನೊಳಗೆ ಕೂರುವ ಚಿಕ್ಕ ಲೋಹದ ತುಂಡು, ಪಾಲ್: ಹ್ಯಾಂಡಲ್ ತಿರುಗಿಸಿದಾಗ ಕಣ್ಣು ಮೂಲೆಯಲ್ಲಿ ತಡವರಿಸಿದರೆ ಪಾಲ್ ಸವೆದಿದೆ ಅಂತ ಅರ್ಥ. ಅದು ಬದಲಿಸುವ ಭಾಗ, ಹೆದರಬೇಡಿ, ಆದರೆ ಕಂಬಿಯೇ ಸವೆದಿದ್ದರೆ ಬೆಲೆ ಇಳಿಸಿ ಕೇಳಿ. ಸ್ಪೂಲಿನ ಅಂಚಿಗೂ ಚೌಕಟ್ಟಿಗೂ ನಡುವೆ ಉಗುರು ತೂರುವಷ್ಟು ಸಂದು ಇದ್ದರೆ ತೆಳು ಬ್ರೇಡ್ ಅಲ್ಲಿ ಹೊಕ್ಕು ಕೂರುತ್ತದೆ. ಕರಾವಳಿಯಲ್ಲಿ ಓಡಾಡಿದ ರೀಲ್ ಆದರೆ ತಟ್ಟೆ ಬಿಚ್ಚಿಸಿ ಒಳಗಿನ ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕೂತಿದೆಯಾ ನೋಡಿ. ಹೊರಗೆ ಉಜ್ಜಿ ಫಳಫಳ ಮಾಡಿರುತ್ತಾರೆ, ಒಳಗೆ ಯಾರೂ ಉಜ್ಜಿರುವುದಿಲ್ಲ.

ಕೆಟ್ಟುಹೋದ ಇನ್ನೊಂದು ಅಂಬಾಸಡರ್ ಕಡಿಮೆಗೆ ಸಿಕ್ಕರೆ ಅದನ್ನೂ ಎತ್ತಿಟ್ಟುಕೊಳ್ಳಿ. 5500ಸಿಗೂ 6500ಸಿಗೂ ಮುಖ್ಯ ವ್ಯತ್ಯಾಸ ಸ್ಪೂಲಿನ ಅಗಲ ಅಷ್ಟೇ, ಒಳಗಿನ ಭಾಗ ಎಷ್ಟೋ ಒಂದಕ್ಕೊಂದು ಹೊಂದುತ್ತವೆ. ಪಾದದ ಆರು ಅಂಕಿ ಹತ್ತಿರ ಹತ್ತಿರ ಇದ್ದರೆ ಇನ್ನೂ ಒಳ್ಳೆಯದು.